ಬೆಕ್ಕಿನ ಆಟಿಕೆ ನಾಯಿಯ ಬಾಯಿಗೆ ಬಂದಾಗ

ಕ್ಯಾಟ್‌ನಿಪ್ ಎಂಬ ಮೂಲಿಕೆಯನ್ನು ತುಂಬಿದ ಬಟ್ಟೆಯ ಇಲಿ, ಮೀನು, ದಿಂಬು, ಚೆಂಡು ಮುಂತಾದ ಬೆಕ್ಕಿನ ಆಟಿಕೆಗಳು ಈಗ ನಗರಗಳ ಸಾಕುಪ್ರಾಣಿ ಮಳಿಗೆಗಳಲ್ಲೂ ಆನ್‌ಲೈನ್ ಮಾರುಕಟ್ಟೆಯಲ್ಲೂ ಸುಲಭವಾಗಿ ದೊರೆಯುತ್ತಿದ್ದು, ಬೆಕ್ಕು ನಾಯಿ ಎರಡನ್ನೂ ಸಾಕಿದ ಮನೆಗಳಲ್ಲಿ ಅವು ಒಂದಲ್ಲ ಒಂದು ದಿನ ನಾಯಿಯ ಬಾಯಿಗೆ ಸಿಗುವುದು ಸಹಜ. ಆಗ ಮನೆಯವರಿಗೆ ಮೊದಲು ತಟ್ಟುವ ಆತಂಕ ಮೂಲಿಕೆಯನ್ನು ಕುರಿತದ್ದಾಗಿರುತ್ತದೆ. ಬೆಕ್ಕನ್ನು ಅಷ್ಟು ಮರುಳು ಮಾಡುವ ಸೊಪ್ಪು ನಾಯಿಗೆ ವಿಷವಾಗಬಹುದೇ ಎಂದು ಅವರು ಕೇಳುತ್ತಾರೆ. ಆಟಿಕೆಯಲ್ಲಿರುವಷ್ಟು ಪ್ರಮಾಣದ ಒಣ ಕ್ಯಾಟ್‌ನಿಪ್ ಆರೋಗ್ಯವಂತ ನಾಯಿಗೆ ವಿಷವಲ್ಲ ಎಂಬುದು ಈ ಪ್ರಶ್ನೆಗೆ ನೇರ ಉತ್ತರ. ಆದರೆ ಪಶುವೈದ್ಯರ ಶಸ್ತ್ರಚಿಕಿತ್ಸೆಯ ಮೇಜಿನವರೆಗೆ ನಾಯಿಯನ್ನು ಕೊಂಡೊಯ್ಯಬಲ್ಲ ಅಪಾಯ ಇರುವುದು ಆ ಸೊಪ್ಪನ್ನು ಸುತ್ತಿಕೊಂಡ ಬಟ್ಟೆ, ದಾರ, ಹತ್ತಿ, ಗೆಜ್ಜೆ, ಗುಂಡಿಗಳಲ್ಲಿ. ಮನೆಯವರ ಎಚ್ಚರ ಬಹುಪಾಲು ಅತ್ತ ಹರಿಯಬೇಕಾಗಿದೆ.

ಕ್ಯಾಟ್‌ನಿಪ್‌ನ ಸಸ್ಯಶಾಸ್ತ್ರೀಯ ಹೆಸರು ನೆಪೆಟಾ ಕಟಾರಿಯಾ. ತುಳಸಿ, ಪುದೀನ, ದೊಡ್ಡಪತ್ರೆಗಳು ಸೇರಿದ ಲೇಮಿಯೇಸಿ ಕುಟುಂಬಕ್ಕೇ ಇದೂ ಸೇರಿದ್ದು, ಯುರೋಪಿನಿಂದ ಮಧ್ಯ ಏಷ್ಯಾದವರೆಗಿನ ತಂಪು ಪ್ರದೇಶಗಳ ಸಸ್ಯವಾದ ಇದು ವಲಸಿಗರೊಡನೆ ಉತ್ತರ ಅಮೆರಿಕಕ್ಕೆ ಹೋಗಿ ಅಲ್ಲಿಯೂ ನೆಲೆಯೂರಿದೆ. ಎಲೆಯ ಮೇಲಿನ ಸೂಕ್ಷ್ಮ ಗ್ರಂಥಿಗಳಲ್ಲಿ ಶೇಖರವಾಗುವ ನೆಪೆಟಲ್ಯಾಕ್ಟೋನ್ ಎಂಬ ಆವಿಶೀಲ ಸಂಯುಕ್ತ, ಅಂದರೆ ಸಾಮಾನ್ಯ ಉಷ್ಣತೆಯಲ್ಲೇ ಗಾಳಿಗೆ ಸೇರಿ ವಾಸನೆಯಾಗುವ ರಾಸಾಯನಿಕ, ಬೆಕ್ಕುಗಳನ್ನು ಸೆಳೆಯುತ್ತದೆ. ಸಸ್ಯ ಇದನ್ನು ತಯಾರಿಸುವುದು ಕೀಟಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಎಂದು ತಿಳಿಯಲಾಗಿದ್ದು, ಸೊಳ್ಳೆಗಳನ್ನು ದೂರವಿಡುವ ಇದರ ಗುಣ ಪ್ರಯೋಗಾಲಯಗಳಲ್ಲಿ ಚೆನ್ನಾಗಿ ದೃಢಪಟ್ಟಿದೆ. ಬೆಕ್ಕುಗಳಲ್ಲಿ ಸುಮಾರು ಮೂರನೇ ಎರಡರಷ್ಟು ಮಾತ್ರ ಈ ವಾಸನೆಗೆ ಸ್ಪಂದಿಸುತ್ತವೆ. ಈ ಗುಣ ಆನುವಂಶಿಕವಾದದ್ದು ಎಂಬುದನ್ನು ಅಮೆರಿಕದ ನೀಲ್ ಟಾಡ್ 1962ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿಕೊಟ್ಟಿತು. ಸ್ಪಂದಿಸುವ ಬೆಕ್ಕು ಮೂಸುತ್ತದೆ, ಕೆನ್ನೆ ಉಜ್ಜುತ್ತದೆ, ನೆಲದ ಮೇಲೆ ಹೊರಳುತ್ತದೆ. ಐದು ಹತ್ತು ನಿಮಿಷಗಳಲ್ಲಿ ಆ ಅಮಲು ಇಳಿದು, ಅನಂತರ ಸ್ವಲ್ಪ ಹೊತ್ತು ಅದೇ ಸೊಪ್ಪು ಎದುರಿಗಿದ್ದರೂ ಬೆಕ್ಕು ತಿರುಗಿ ನೋಡುವುದಿಲ್ಲ.

ನಾಯಿಯಲ್ಲಿ ಇದಾವುದೂ ಏಕೆ ನಡೆಯುವುದಿಲ್ಲ ಎಂಬುದನ್ನು ಅರಿಯಲು ಜಪಾನಿನ ಇವಾಟೆ ವಿಶ್ವವಿದ್ಯಾಲಯದ ಮಸಾವೊ ಮಿಯಾಜಾಕಿ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಸಂಶೋಧನೆ ನೆರವಾಗುತ್ತದೆ. ಅವರು ಮುಖ್ಯವಾಗಿ ಅಭ್ಯಾಸ ಮಾಡಿದ್ದು ಕ್ಯಾಟ್‌ನಿಪ್‌ನಂತೆಯೇ ಬೆಕ್ಕುಗಳನ್ನು ಸೆಳೆಯುವ ಸಿಲ್ವರ್ ವೈನ್ ಎಂಬ ಪೂರ್ವ ಏಷ್ಯಾದ ಬಳ್ಳಿಯನ್ನು, ಅದರಲ್ಲಿರುವ ನೆಪೆಟಲ್ಯಾಕ್ಟಾಲ್ ಎಂಬ ಸಂಯುಕ್ತವನ್ನು. ಅದರ ವಾಸನೆ ಹಿಡಿದ ಬೆಕ್ಕಿನ ರಕ್ತದಲ್ಲಿ ಬೀಟಾ ಎಂಡಾರ್ಫಿನ್ ಎಂಬ, ದೇಹವೇ ತಯಾರಿಸಿಕೊಳ್ಳುವ ಅಫೀಮಿನಂಥ ಸುಖಕಾರಕ ಏರಿದ್ದನ್ನು ಅವರು ಕಂಡರು. ಅಫೀಮಿನ ಪರಿಣಾಮವನ್ನು ತಡೆಯುವ ನಾಲಾಕ್ಸೋನ್ ಔಷಧ ಕೊಟ್ಟಾಗ ಬೆಕ್ಕುಗಳು ಉಜ್ಜುವುದನ್ನು, ಹೊರಳುವುದನ್ನು ಬಿಟ್ಟವು. ಮೃಗಾಲಯದ ಚಿರತೆ, ಜಾಗ್ವಾರ್, ಲಿಂಕ್ಸ್‌ಗಳೂ ಸ್ಪಂದಿಸಿದವು, ಆದರೆ ನಾಯಿಗಳೂ ಪ್ರಯೋಗಾಲಯದ ಇಲಿಗಳೂ ಆಸಕ್ತಿ ತೋರಲಿಲ್ಲ. ನಾಯಿಯ ಮೆದುಳಿನಲ್ಲಿಯೂ ಎಂಡಾರ್ಫಿನ್ ವ್ಯವಸ್ಥೆ ಇದ್ದೇ ಇದೆ. ಈ ವಾಸನೆಯಿಂದ ಆ ವ್ಯವಸ್ಥೆಗೆ ಹೋಗುವ ದಾರಿ ಮಾತ್ರ ಮಾರ್ಜಾಲ ಕುಲದಲ್ಲಿ ಇರುವಂತೆ ನಾಯಿಯಲ್ಲಿ ಇಲ್ಲ. ಆದ್ದರಿಂದ ಕ್ಯಾಟ್‌ನಿಪ್ ತಿಂದ ನಾಯಿಗೆ ಬೆಕ್ಕಿಗೆ ಏರುವಂತೆ ಅಮಲೇರುವುದಿಲ್ಲ. ನಾಯಿ ಆ ಆಟಿಕೆಯನ್ನು ಹುಡುಕಿ ಕದಿಯುವುದಕ್ಕೆ ಕಾರಣ ಬೇರೆ: ಅದು ಮೆತ್ತಗಿದೆ, ಬೆಕ್ಕಿನ ಜೊಲ್ಲಿನ ವಾಸನೆ ಹೊತ್ತಿದೆ, ಇಲಿಯಷ್ಟೇ ಗಾತ್ರದ್ದು, ಮೇಲಾಗಿ ಅದು ಬೇರೊಬ್ಬರದು.

ಯುರೋಪಿನ ಮನೆಮದ್ದಿನ ಪರಂಪರೆಯಲ್ಲಿ ಮನುಷ್ಯರು ಹೊಟ್ಟೆಯ ತೊಳಸಿಗೂ ನಿದ್ರೆಗೂ ಈ ಎಲೆಯ ಕಷಾಯ ಕುಡಿಯುತ್ತಿದ್ದರು. ಅದೇ ನಂಬಿಕೆಯಿಂದ ಪಾಶ್ಚಾತ್ಯ ಮೂಲಿಕಾ ಚಿಕಿತ್ಸಕರು ನಾಯಿಗಳಿಗೂ ಗಾಬರಿ ಮತ್ತು ಪ್ರಯಾಣದ ವಾಂತಿ ತಗ್ಗಿಸಲು ಅತ್ಯಲ್ಪ ಪ್ರಮಾಣದಲ್ಲಿ ಇದನ್ನು ಸೂಚಿಸುವುದುಂಟು. ಕೆಲವು ನಾಯಿಗಳು ತುಸು ಮಂಪರಾಗುತ್ತವೆ, ಬಹಳಷ್ಟು ನಾಯಿಗಳಲ್ಲಿ ಯಾವ ಬದಲಾವಣೆಯೂ ಕಾಣುವುದಿಲ್ಲ. ದೀಪಾವಳಿಯ ಪಟಾಕಿಗೆ ಹೆದರಿ ನಡುಗುವ ನಾಯಿಗೆ ಇದನ್ನೇ ಔಷಧವೆಂದು ನೆಚ್ಚಿಕೊಳ್ಳುವುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಅಂಥ ಭಯಕ್ಕೆ ಪಶುವೈದ್ಯರ ಬಳಿ ಪರಿಣಾಮ ಖಚಿತಪಟ್ಟ ಔಷಧಗಳಿವೆ, ಅವುಗಳನ್ನು ಹಬ್ಬಕ್ಕೆ ಮುಂಚೆಯೇ ಕೇಳಿ ಪಡೆಯುವುದು ನಾಯಿಗೆ ಮಾಡುವ ದೊಡ್ಡ ಉಪಕಾರ. ಆಟಿಕೆ ಹರಿದು ಒಳಗಿನ ಸೊಪ್ಪನ್ನೆಲ್ಲ ನಾಯಿ ನೆಕ್ಕಿ ತಿಂದರೆ ಹೆಚ್ಚೆಂದರೆ ಒಂದೆರಡು ಸಲ ವಾಂತಿ, ಸಡಿಲ ಮಲ, ಕೆಲವು ಗಂಟೆಗಳ ಮಂಕು ಕಾಣಿಸಬಹುದು. ಕುಡಿಯಲು ನೀರಿಟ್ಟು, ಒಂದು ಹೊತ್ತು ಹಗುರ ಆಹಾರ ಕೊಟ್ಟು ಕಾದರೆ ಸಾಕು. ಗಬ್ಬದ ನಾಯಿ, ಮೂರ್ಛೆರೋಗದ ನಾಯಿ, ನಿದ್ರಾಜನಕ ಔಷಧ ತೆಗೆದುಕೊಳ್ಳುತ್ತಿರುವ ಅಥವಾ ಶಸ್ತ್ರಚಿಕಿತ್ಸೆಗೆ ಅಣಿಯಾಗುತ್ತಿರುವ ನಾಯಿ ಇವುಗಳಿಗೆ ಮಾತ್ರ ಈ ಮೂಲಿಕೆ ಸಿಗದಂತೆ ನೋಡಿಕೊಳ್ಳುವುದು ಒಳಿತು.

ಒಣ ಎಲೆಯ ವಿಚಾರದಲ್ಲಿ ಹೇಳಿದ ಸಮಾಧಾನದ ಮಾತು ಅದರ ಎಣ್ಣೆಗೆ ಅನ್ವಯಿಸುವುದಿಲ್ಲ. ಆವಿಯಿಂದ ಬಟ್ಟಿ ಇಳಿಸಿ ತೆಗೆದ ಸುಗಂಧ ತೈಲದಲ್ಲಿ ಎಲೆಯ ಸತ್ವ ಹಲವು ಪಟ್ಟು ಸಾಂದ್ರವಾಗಿರುವುದರಿಂದ ಅದು ಬಾಯಿ, ಹೊಟ್ಟೆ, ಚರ್ಮಗಳನ್ನು ಕೆರಳಿಸಬಲ್ಲದು. ಕ್ಯಾಟ್‌ನಿಪ್ ಸೊಳ್ಳೆ ಓಡಿಸುತ್ತದೆಂಬ ಸುದ್ದಿ ಓದಿ ಆ ಎಣ್ಣೆಯನ್ನು ನಾಯಿಯ ಮೈಗೆ ಸವರುವುದು ಸರಿಯಲ್ಲ. ನಾಯಿ ನೆಕ್ಕಿಕೊಳ್ಳುವ ಪ್ರಾಣಿ, ಮೈಗೆ ಹಚ್ಚಿದ್ದು ಹೊಟ್ಟೆಗೆ ಹೋಗಿಯೇ ಹೋಗುತ್ತದೆ. ಅಲ್ಲದೆ ಸಿಂಪಡಣೆಯ ಬಾಟಲಿಗಳಲ್ಲಿ ಮದ್ಯಸಾರವೋ ಬೇರೆ ಸುಗಂಧ ತೈಲಗಳೋ ಬೆರೆತಿರುವುದುಂಟು, ಅವುಗಳಲ್ಲಿ ಟೀ ಟ್ರೀ ಎಣ್ಣೆಯಂಥವು ನಾಯಿಗೆ ನಿಜವಾಗಿಯೂ ವಿಷಕಾರಿ. ಇನ್ನೊಂದು ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಒಣಗಿಸಿ ಪುಡಿಮಾಡಿದ ಕ್ಯಾಟ್‌ನಿಪ್ ನೋಡಲು ಗಾಂಜಾ ಸೊಪ್ಪನ್ನು ಹೋಲುತ್ತದೆ. ಕ್ಯಾಟ್‌ನಿಪ್ ತಿಂದಿತೆಂದು ಭಾವಿಸಿದ ನಾಯಿ ಹೆಜ್ಜೆ ತಪ್ಪಿ ತೂರಾಡಿದರೆ, ನಿಂತಲ್ಲೇ ಮೂತ್ರ ತೊಟ್ಟಿಕ್ಕಿಸಿದರೆ, ಸಣ್ಣ ಸದ್ದಿಗೂ ಬೆಚ್ಚಿಬಿದ್ದರೆ ಅದು ತಿಂದದ್ದು ಗಾಂಜಾ ಅಥವಾ ಭಾಂಗ್ ಇರಬಹುದೆಂಬ ಶಂಕೆಯನ್ನು ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಬೇಕು, ಏಕೆಂದರೆ ಆ ಸತ್ಯವೇ ಸರಿಯಾದ ಚಿಕಿತ್ಸೆಗೆ ದಾರಿ.

ಇಷ್ಟು ಮೂಲಿಕೆಯ ಮಾತು. ಆಟಿಕೆಯ ಒಡಲನ್ನು ಪರೀಕ್ಷಿಸಲು ಹೊರಟಾಗ ಮೊದಲು ಎದುರಾಗುವುದು ದವಡೆಗಳ ವ್ಯತ್ಯಾಸ. ಬೆಳೆದ ಬೆಕ್ಕಿಗೆ 30 ಹಲ್ಲುಗಳಾದರೆ ನಾಯಿಗೆ 42. ಬೆಕ್ಕು ಆಟಿಕೆಯನ್ನು ಪಂಜದಿಂದ ಹಿಡಿದು ಒದ್ದು, ಕಚ್ಚಿ ಬಿಡುತ್ತದೆ, ನಾಯಿಯಾದರೋ ಕೆನ್ನೆಯ ಹಿಂಭಾಗದ ಕತ್ತರಿಹಲ್ಲುಗಳ ನಡುವೆ ಅದನ್ನಿಟ್ಟು ಹೊಲಿಗೆ ಬಿಚ್ಚುವವರೆಗೆ ಜಗಿಯುತ್ತದೆ. ಮೂರೂವರೆ ಕಿಲೋ ತೂಕದ ಬೆಕ್ಕಿನ ಬಲಕ್ಕೆ ತಕ್ಕಂತೆ ಹೊಲಿದ ವಸ್ತು ಮೂವತ್ತು ಕಿಲೋದ ಲ್ಯಾಬ್ರಡಾರ್‌ನ ಮುಂದೆ ಎಷ್ಟು ಹೊತ್ತು ಉಳಿದೀತು? ಲ್ಯಾಬ್ರಡಾರ್‌ಗಳ ವಿಷಯದಲ್ಲಿ ಎಚ್ಚರ ಇನ್ನಷ್ಟು ಬೇಕು. ಹೊಟ್ಟೆ ತುಂಬಿತೆಂಬ ಸೂಚನೆಯನ್ನು ಮೆದುಳಿಗೆ ಮುಟ್ಟಿಸುವುದರಲ್ಲಿ ಪಾತ್ರವಿರುವ ಪಿಒಎಂಸಿ ಎಂಬ ಜೀನಿನ ಒಂದು ತುಣುಕು ಈ ತಳಿಯ ಸುಮಾರು ನಾಲ್ಕನೇ ಒಂದರಷ್ಟು ನಾಯಿಗಳಲ್ಲಿ ಬಿಟ್ಟುಹೋಗಿರುವುದನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಅಂಥ ನಾಯಿಗಳಿಗೆ ತಿನ್ನುವ ಹಂಬಲ ಸದಾ ಹೆಚ್ಚು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುವ ನಾಲ್ಕರಿಂದ ಏಳು ತಿಂಗಳ ಮರಿಗಳು ತಳಿ ಯಾವುದಾದರೂ ಸಿಕ್ಕಿದ್ದನ್ನೆಲ್ಲ ಜಗಿಯುತ್ತವೆ.

ನುಂಗಿದ ವಸ್ತುಗಳಲ್ಲಿ ಚೆಂಡು ಅಥವಾ ಸಣ್ಣ ಇಲಿಯಂಥವು ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟಿಸಬಹುದು, ಜಠರ ದಾಟಿದರೆ ಸಣ್ಣ ಕರುಳನ್ನು ಅಡ್ಡಗಟ್ಟಬಹುದು. ಇವಕ್ಕಿಂತಲೂ ಕ್ರೂರವಾದದ್ದು ದಾರ. ಆಟಿಕೆಯ ಇಲಿಯ ಬಾಲ, ಕೋಲಿಗೆ ಕಟ್ಟಿದ ರಿಬ್ಬನ್, ಎಲಾಸ್ಟಿಕ್, ಉಣ್ಣೆಯ ನೂಲು ಇವುಗಳ ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದ ಬಾಗಿಲಲ್ಲೋ ಸಿಲುಕಿಕೊಂಡು ಇನ್ನೊಂದು ತುದಿ ಕರುಳಿನೊಳಗೆ ಸಾಗಿದಾಗ, ಕರುಳು ತನ್ನ ಸಹಜ ಚಲನೆಯಿಂದ ಅದನ್ನು ಮುಂದೂಡಲು ಯತ್ನಿಸಿ ಸೋತು, ಲಾಡಿ ಎಳೆದ ಪಾಯಿಜಾಮದ ಸೊಂಟದಂತೆ ತಾನೇ ನೆರಿಗೆ ನೆರಿಗೆಯಾಗಿ ದಾರದ ಮೇಲೆ ಕೂಡಿಕೊಳ್ಳುತ್ತದೆ. ಬಿಗಿದ ದಾರ ಕರುಳಿನ ಒಳಗೋಡೆಯನ್ನು ಕೊಯ್ಯುತ್ತ ಹೋಗಿ ಹಲವು ಕಡೆ ರಂಧ್ರ ಮಾಡಬಹುದು. ಅಲ್ಲಿಂದ ಸೋರಿದ ಮಲಿನ ದ್ರವ ಹೊಟ್ಟೆಯ ಕುಹರಕ್ಕೆ ಸೇರಿ ಪೆರಿಟೊನೈಟಿಸ್ ಎಂಬ ಮಾರಣಾಂತಿಕ ಸೋಂಕು ಉಂಟಾಗುತ್ತದೆ. ಪಶುವೈದ್ಯರು ಇದನ್ನು ರೇಖೀಯ ಪರವಸ್ತು ಎಂದು ಬೇರೆಯಾಗಿಯೇ ಹೆಸರಿಸಿ ಗಂಭೀರವಾಗಿ ಪರಿಗಣಿಸುವುದು ಈ ಕಾರಣದಿಂದ. ಬಾಯಿಯಲ್ಲೋ ಗುದದ್ವಾರದಲ್ಲೋ ದಾರದ ತುದಿ ಕಂಡರೂ ಎಳೆಯಬಾರದು. ಎಳೆದ ಪ್ರತಿ ಬೆರಳಗಲವೂ ಒಳಗೆ ಕರುಳನ್ನು ಕೊಯ್ದಂತೆ.

ಆಟಿಕೆಯ ಇತರ ಭಾಗಗಳ ವಿಚಾರವನ್ನು ಸಂಕ್ಷೇಪವಾಗಿ ಹೇಳಬಹುದು. ಪ್ಲಾಸ್ಟಿಕ್ ಕಣ್ಣು, ಗುಂಡಿ, ಕಿಚಕಿಚ ಸದ್ದಿನ ಕೊಳವೆ, ಗೆಜ್ಜೆ ಇವು ಸಣ್ಣ ನಾಯಿಗೆ ಅಡಚಣೆಯ ವಸ್ತುಗಳು. ಬೆಳಕು ಮಿನುಗಿಸುವ, ತಾನೇ ಓಡಾಡುವ ಆಟಿಕೆಗಳ ಗುಂಡಿ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿದರೆ ಅದರ ವಿದ್ಯುತ್ ಪ್ರವಾಹದಿಂದ ಹುಟ್ಟುವ ಕ್ಷಾರ ಒಂದೆರಡು ಗಂಟೆಗಳೊಳಗೆ ಅಂಗಾಂಶವನ್ನು ಸುಟ್ಟುಬಿಡುತ್ತದೆ, ಆದ್ದರಿಂದ ಅಲ್ಲಿ ಕಾದು ನೋಡುವ ಪ್ರಶ್ನೆಯೇ ಇಲ್ಲ. ಮಕ್ಕಳ ಆಟಿಕೆಗಳಿಗೆ ಭಾರತ ಸರ್ಕಾರದ 2020ರ ಗುಣಮಟ್ಟ ನಿಯಂತ್ರಣ ಆದೇಶ ಅನ್ವಯಿಸುತ್ತಿದ್ದು, 14 ವರ್ಷದೊಳಗಿನ ಮಕ್ಕಳು ಆಡುವ ಆಟಿಕೆಗೆ ಭಾರತೀಯ ಮಾನಕ ಬ್ಯೂರೋದ ಮುದ್ರೆ ಕಡ್ಡಾಯವಾಗಿದೆ. ಸಾಕುಪ್ರಾಣಿಗಳ ಆಟಿಕೆ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಪೊಟ್ಟಣದ ಮೇಲೆ ಸುರಕ್ಷಿತವೆಂದು ಅಚ್ಚು ಹಾಕಿದ್ದರೆ ಅದು ತಯಾರಕನ ಮಾತು ಮಾತ್ರ, ಪರೀಕ್ಷೆಯ ಹೊಣೆ ಕೊಳ್ಳುವವರ ಕೈಯಲ್ಲೇ ಉಳಿದಿದೆ.

ಆ ಪರೀಕ್ಷೆ ಕಷ್ಟದ್ದೇನಲ್ಲ. ಮನೆಯಲ್ಲಿ ನಾಯಿ ಇದ್ದರೆ, ಬೆಕ್ಕಿಗೆ ಕೊಳ್ಳುವ ಆಟಿಕೆಯನ್ನೂ ನಾಯಿಯ ಬಾಯಿಯ ಅಳತೆಗೆ ಹಿಡಿದು ನೋಡಬೇಕು: ಅದು ನಾಯಿಯ ಕೋರೆಹಲ್ಲುಗಳನ್ನು ದಾಟಿ ಹಿಂದಿನ ದವಡೆಹಲ್ಲುಗಳ ನಡುವೆ ಸಲೀಸಾಗಿ ಸೇರುವಷ್ಟು ಚಿಕ್ಕದಾಗಿದ್ದರೆ ನುಂಗಲೂ ಸಾಧ್ಯವಾದಷ್ಟು ಚಿಕ್ಕದು. ಹೊಲಿಗೆಯ ಎರಡು ಬದಿಯನ್ನು ಹೆಬ್ಬೆರಳುಗಳಿಂದ ಜಗ್ಗಿದಾಗ ಸಂದು ಬಿಡುವ ಆಟಿಕೆಯನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು. ಕಣ್ಣು ಮೂಗುಗಳನ್ನು ಅಂಟಿಸಿದ್ದಕ್ಕಿಂತ ಕಸೂತಿಯಲ್ಲಿ ಮೂಡಿಸಿದ್ದು, ಬಾಲವಿರುವುದಕ್ಕಿಂತ ಇಲ್ಲದ್ದು, ಪಾಲಿಯೆಸ್ಟರ್ ಹತ್ತಿ ಗಿಡಿದದ್ದಕ್ಕಿಂತ ಬರೀ ಒಣ ಎಲೆ ತುಂಬಿದ ಗಟ್ಟಿ ಕ್ಯಾನ್ವಾಸಿನ ದಿಂಬು ಮೇಲು. ಒಳಗೆ ಏನೇನಿದೆ ಎಂಬ ವಿವರವನ್ನೂ ಓದಬೇಕು. ಹಲವು ಆಟಿಕೆಗಳಲ್ಲಿ ಕ್ಯಾಟ್‌ನಿಪ್ ಜೊತೆಗೆ ವಲೇರಿಯನ್ ಬೇರು ಅಥವಾ ಸಿಲ್ವರ್ ವೈನ್ ಪುಡಿ ಬೆರೆತಿರುತ್ತದೆ. ಸಿಲ್ವರ್ ವೈನ್ ಕಡ್ಡಿಗಳನ್ನು ಹಾಗೆಯೇ ಮಾರುವುದೂ ಉಂಟು, ಬೆಕ್ಕು ಅವನ್ನು ಮೆಲ್ಲಗೆ ಕಡಿಯುತ್ತದೆ, ನಾಯಿ ಮುರಿದು ಚೂಪಾದ ಸಿಬಿರುಗಳನ್ನು ನುಂಗುತ್ತದೆ.

ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಒಂದು ಹೆಚ್ಚಿನ ಎಚ್ಚರ ಬೇಕು. ಒಣ ಎಲೆ ಜೊಲ್ಲಿನಿಂದ ತೊಯ್ದು ಗಾಳಿಯ ತೇವದಲ್ಲಿ ಉಳಿದರೆ ಬೂಷ್ಟು ಹಿಡಿಯುತ್ತದೆ, ಕೆಲವು ಬೂಷ್ಟುಗಳ ವಿಷ ನಾಯಿಗಳಲ್ಲಿ ನಡುಕ ಮತ್ತು ಸೆಳವು ತರಬಲ್ಲದು. ಮುಗ್ಗಲು ವಾಸನೆ ಬಂದ ಆಟಿಕೆಯನ್ನು ಒಣಗಿಸಿ ಮತ್ತೆ ಬಳಸದೆ ಎಸೆಯುವುದೇ ಸರಿ. ಹಂಚಿಕೊಂಡ ಆಟಿಕೆಗಳ ಮೂಲಕ ಹುಳುಕಡ್ಡಿಯ ಶಿಲೀಂಧ್ರವೂ ಬೆಕ್ಕಿನಿಂದ ನಾಯಿಗೆ, ಮನೆಯ ಮಕ್ಕಳಿಗೆ ದಾಟುತ್ತದೆ. ಬೆಕ್ಕಿನ ಮೈಮೇಲೆ ಕೂದಲುದುರಿದ ದುಂಡು ಕಲೆಗಳು ಕಂಡರೆ ಹಳೆಯ ಆಟಿಕೆಗಳನ್ನೆಲ್ಲ ತೆಗೆದುಹಾಕಬೇಕು.

ಕ್ಯಾಟ್‌ನಿಪ್ ದುಬಾರಿ ಎಂದು ಅದರ ಬದಲಿಗೆ ಹಿತ್ತಲಿನ ಕುಪ್ಪಿಗಿಡವನ್ನು ನೆನೆಯುವವರೂ ಇದ್ದಾರೆ. ಅಕಾಲಿಫಾ ಇಂಡಿಕಾ ಎಂಬ ಈ ಕಳೆಗಿಡದ ಬೇರು ಕಿತ್ತಾಗ ಬೆಕ್ಕುಗಳು ಅದರ ಸುತ್ತ ಹೊರಳುವುದು ದಕ್ಷಿಣ ಭಾರತದ ಹಳ್ಳಿಗಳಲ್ಲಿ ಬಹುಕಾಲದಿಂದ ತಿಳಿದ ಸಂಗತಿ. ಆದರೆ ಇದು ಕ್ಯಾಟ್‌ನಿಪ್‌ನಷ್ಟು ನಿರಪಾಯಕರವಲ್ಲ. ಇದರಲ್ಲಿ ಅಕಾಲಿಫಿನ್ ಎಂಬ, ಸಯನೈಡ್ ಜನಕ ವರ್ಗಕ್ಕೆ ಸೇರಿದ ಗ್ಲೂಕೋಸೈಡ್ ಇದ್ದು, ಇದನ್ನು ಸೇವಿಸಿದ ಮನುಷ್ಯರಲ್ಲಿ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿದ್ದವರ ಕೆಂಪು ರಕ್ತಕಣಗಳು ಒಡೆದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಅಂಗಳದಲ್ಲಿ ಬೆಕ್ಕು ತಾನೇ ಮೂಸಿ ಹೋಗುವುದು ಬೇರೆ, ಆ ಬೇರನ್ನು ಚೀಲದಲ್ಲಿ ತುಂಬಿ ನಾಯಿ ಜಗಿಯುವಂತೆ ಮನೆಯೊಳಗೆ ಇಡುವುದು ಬೇರೆ. ನಾಯಿಗೂ ವಾಸನೆಯ ಸುಖ ಬೇಕೆಂದು ಬಯಸುವವರಿಗೆ ಸೋಂಪಿನ ಪರಿಮಳ ಉತ್ತಮ ಆಯ್ಕೆ: ಇಂಗ್ಲೆಂಡಿನಲ್ಲಿ ಜೀವಂತ ಪ್ರಾಣಿಯ ಬದಲು ಸೋಂಪಿನ ವಾಸನೆಯ ಜಾಡು ಎಳೆದು ಬೇಟೆನಾಯಿಗಳನ್ನು ಓಡಿಸುವ ಕ್ರೀಡೆ ಬಹಳ ಹಿಂದಿನಿಂದ ಇದೆ. ನಾಯಿಯ ಬಲಕ್ಕೆ ತಕ್ಕ ಗಟ್ಟಿ ಆಟಿಕೆಯನ್ನು ಒಂದಿಷ್ಟು ಸೋಂಪಿನೊಡನೆ ಡಬ್ಬಿಯಲ್ಲಿ ಎರಡು ದಿನ ಮುಚ್ಚಿಟ್ಟು, ಕಾಳನ್ನು ಕೊಡವಿ ಆಟಿಕೆಯನ್ನಷ್ಟೇ ಕೊಟ್ಟರೆ ಸಾಕು.

ಎರಡೂ ಪ್ರಾಣಿಗಳಿರುವ ಮನೆಯಲ್ಲಿ ಬೆಕ್ಕಿಗೆ ಕ್ಯಾಟ್‌ನಿಪ್ ಕೊಡುವ ಹೊತ್ತಿಗೆ ನಾಯಿ ಬಾಗಿಲಾಚೆ ಇರುವುದು, ಆಟ ಮುಗಿದೊಡನೆ ಆಟಿಕೆ ಮುಚ್ಚಳದ ಡಬ್ಬಿಗೆ ಸೇರುವುದು ಇವೆರಡು ರೂಢಿಗಳಿಂದಲೇ ಬಹುಪಾಲು ಅನಾಹುತ ತಪ್ಪುತ್ತದೆ. ಅಮಲಿನಲ್ಲಿರುವ ಬೆಕ್ಕು ತನ್ನ ವಸ್ತುವಿಗೆ ಬಂದ ನಾಯಿಯ ಕಣ್ಣಿಗೇ ಉಗುರು ಹಾಕಬಹುದು, ಆ ದೃಷ್ಟಿಯಿಂದಲೂ ಹೀಗೆ ಬೇರೆಯಾಗಿಡುವುದು ಅಗತ್ಯ. ಮುಚ್ಚಿದ ಡಬ್ಬಿಯಲ್ಲಿ ಎಲೆಯ ವಾಸನೆಯೂ ಹೆಚ್ಚು ಕಾಲ ಉಳಿಯುತ್ತದೆ.

ಇಷ್ಟಾದರೂ ನಾಯಿ ಆಟಿಕೆಯನ್ನು ಕಚ್ಚಿಕೊಂಡಾಗ ಬೆನ್ನಟ್ಟಬಾರದು. ಬೆನ್ನಟ್ಟಿದರೆ ಅದು ಅವಸರದಿಂದ ನುಂಗಿಬಿಡುತ್ತದೆ. ಒಳ್ಳೆಯ ತಿಂಡಿ ತೋರಿಸಿ ಬಿಡಿಸಿಕೊಳ್ಳುವುದು ಬುದ್ಧಿವಂತಿಕೆ. ವಸ್ತು ಗಂಟಲಲ್ಲಿ ಸಿಕ್ಕಿ ಉಸಿರಾಡಲಾಗದೆ ನಾಯಿ ಒದ್ದಾಡುತ್ತಿದ್ದರೆ ಬಾಯಿ ಅಗಲಿಸಿ, ಕಣ್ಣಿಗೆ ಕಂಡರೆ ಮಾತ್ರ ಬೆರಳಿನಿಂದ ತೆಗೆಯಬೇಕು. ಕಾಣದಿದ್ದರೆ ಸಣ್ಣ ನಾಯಿಯನ್ನು ಹಿಂಗಾಲು ಹಿಡಿದು ತಲೆ ಕೆಳಗಾಗಿ ಎತ್ತುವುದು, ದೊಡ್ಡ ನಾಯಿಯ ಹಿಂದೆ ನಿಂತು ಪಕ್ಕೆಲುಬುಗಳ ಕೊನೆಯ ಕೆಳಗೆ ಮುಷ್ಟಿಯಿಂದ ಒಳಕ್ಕೂ ಮೇಲಕ್ಕೂ ಒತ್ತುವುದು ಕ್ರಮ. ನುಂಗಿಯಾಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ರೂಢಿಗೆ ಕೈಹಾಕಲೇಬಾರದು, ಉಪ್ಪಿನ ವಿಷಬಾಧೆಯೇ ನಾಯಿಯನ್ನು ಕೊಲ್ಲಬಲ್ಲದು. ಕೆಲವೇ ಗಂಟೆಗಳೊಳಗೆ ವೈದ್ಯರನ್ನು ತಲುಪಿದರೆ ಅವರು ಚುಚ್ಚುಮದ್ದಿನಿಂದ ವಾಂತಿ ಮಾಡಿಸಬೇಕೇ, ಎಂಡೋಸ್ಕೋಪಿನಿಂದ ಹೊರತೆಗೆಯಬೇಕೇ ಎಂದು ನಿರ್ಧರಿಸುತ್ತಾರೆ. ಮೇಲಿಂದ ಮೇಲೆ ವಾಂತಿ, ನೀರೂ ನಿಲ್ಲದಿರುವುದು, ಆಹಾರ ನಿರಾಕರಣೆ, ಮಲ ಬಾರದಿರುವುದು, ಮುಂಗಾಲು ನೆಲಕ್ಕೆ ಊರಿ ಹಿಂಭಾಗ ಎತ್ತಿ ಹೊಟ್ಟೆ ಹಿಗ್ಗಿಸುವ ಭಂಗಿ, ಹೊಟ್ಟೆ ಮುಟ್ಟಿದರೆ ನರಳುವುದು ಇವು ಕರುಳಿನ ಅಡಚಣೆಯ ಲಕ್ಷಣಗಳಾಗಿದ್ದು, ಇವು ಎರಡು ಮೂರು ದಿನ ತಡವಾಗಿಯೂ ಕಾಣಿಸಿಕೊಳ್ಳಬಹುದು. ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗಗಳ ಪಶುವೈದ್ಯಕೀಯ ಕಾಲೇಜುಗಳಿಗೆ ಹೊಂದಿಕೊಂಡ ಆಸ್ಪತ್ರೆಗಳಿವೆ. ರಾತ್ರಿಯಲ್ಲೂ ಎಕ್ಸ್-ರೇ ಮತ್ತು ಅಲ್ಟ್ರಾಸೌಂಡ್ ದೊರೆಯುವ ಹತ್ತಿರದ ಸ್ಥಳ ಯಾವುದೆಂದು ಆಪತ್ತಿಗೆ ಮುಂಚೆಯೇ ವಿಚಾರಿಸಿ ಬರೆದಿಟ್ಟುಕೊಂಡಿರಬೇಕು.

ಆಸ್ಪತ್ರೆಗೆ ಹೊರಡುವಾಗ ಆಟಿಕೆಯ ಪೊಟ್ಟಣ, ಉಳಿದ ಚೂರುಗಳು, ಸಾಧ್ಯವಾದರೆ ಅಂಥದೇ ಇನ್ನೊಂದು ಆಟಿಕೆ ಜೊತೆಗಿರಲಿ. ಲೋಹದ ಗೆಜ್ಜೆ ಎಕ್ಸ್-ರೇಯಲ್ಲಿ ಎದ್ದು ಕಾಣುತ್ತದೆ, ಆದರೆ ಬಟ್ಟೆ, ಹತ್ತಿ, ದಾರಗಳು ಅದರಲ್ಲಿ ಬಹುಮಟ್ಟಿಗೆ ಮೂಡುವುದೇ ಇಲ್ಲ. ಎಷ್ಟು ಹೊತ್ತಿಗೆ ನುಂಗಿತು, ಯಾವ ಭಾಗ ಕಾಣೆಯಾಗಿದೆ, ಅದಕ್ಕೆ ಬಾಲವಿತ್ತೇ ಎಂಬ ಮೂರು ವಿವರಗಳನ್ನು ವೈದ್ಯರು ಮನೆಯವರ ಬಾಯಿಂದಲೇ ತಿಳಿಯಬೇಕಾಗುತ್ತದೆ.